ಯೂನಿಕ್ಸ್ ಗಣಕಯಂತ್ರದ ಮೊದಲ ಗರಿ

ಓಲೆಗರಿಯ ಕಟ್ಟೊಂದು ಕೈಗೆ ಬಂದಾಗ, ಅದರ ಮೊದಲ ಗರಿ ಇಲ್ಲವೆಂಬ ಒಂದೇ ಕಾರಣಕ್ಕೆ ಯಾವ ವಿದ್ವಾಂಸನೂ ಅದನ್ನು ಒಲೆಗೆ ಹಾಕುವುದಿಲ್ಲ. ಕೃತಿಯ ಹೆಸರು, ಕವಿಯ ಹೆಸರು, ಮಂಗಳಾಚರಣೆ ಇವೆಲ್ಲ ಸಾಮಾನ್ಯವಾಗಿ ಮೊದಲ ಗರಿಯಲ್ಲಿಯೇ ಇರುವುದರಿಂದ ಅದು ಕಳೆದರೆ ಓದುಗನಿಗೆ ಪ್ರವೇಶವು ಕಷ್ಟವಾಗುವುದು ನಿಜ. ಆದರೆ ಉಳಿದ ಗರಿಗಳು ಇದ್ದಲ್ಲಿಯೇ ಇರುತ್ತವೆ. ಅವುಗಳ ಮೇಲಿನ ಅಕ್ಷರಗಳು ಅಳಿದಿರುವುದಿಲ್ಲ. ಬೇರೊಂದು ಪ್ರತಿಯಿಂದ ಮೊದಲ ಗರಿಯ ಪಾಠವನ್ನು ತಂದು ಸೇರಿಸಿದರೆ ಗ್ರಂಥವು ಮತ್ತೆ ಪೂರ್ಣವಾಗುತ್ತದೆ.

ಗಣಕಯಂತ್ರದ ವಿಷಯದಲ್ಲಿ ಈ ವಿವೇಕವು ಅನೇಕ ವೇಳೆ ಕಾಣಬರುವುದಿಲ್ಲ. ಗುಂಡಿಯನ್ನು ಒತ್ತಿದಾಗ ಪರದೆಯು ಕಪ್ಪಾಗಿಯೇ ಉಳಿದರೆ, ಅಥವಾ ಒಂದೆರಡು ಅಕ್ಷರಗಳನ್ನು ತೋರಿಸಿ ಸುಮ್ಮನಾದರೆ, ಯಂತ್ರವು ಸತ್ತಿತೆಂದು ತೀರ್ಮಾನಿಸಿ ಅದನ್ನು ಉಗ್ರಾಣಕ್ಕೋ ಗುಜರಿಗೋ ಕಳುಹಿಸುವುದು ರೂಢಿಯಾಗಿದೆ. ಅದರ ಜೊತೆಯಲ್ಲಿ ಹತ್ತಾರು ವರ್ಷಗಳ ಪ್ರವೇಶ ದಾಖಲೆ, ಅಂಕಪಟ್ಟಿ, ಲೆಕ್ಕಪತ್ರಗಳೂ ಹೋಗುತ್ತವೆ. ವಾಸ್ತವದಲ್ಲಿ ಕೆಟ್ಟಿರುವುದು ಕೆಲವು ನೂರು ಬೈಟುಗಳ ಒಂದು ಅಲ್ಪ ಬರಹ ಮಾತ್ರವಾಗಿರಬಹುದು. ಆ ಅಲ್ಪ ಬರಹಕ್ಕೆ ಬೂಟ್ ಲೋಡರ್ ಎಂದು ಹೆಸರು. ಕನ್ನಡದಲ್ಲಿ ಪ್ರಾರಂಭಕ ಎನ್ನಬಹುದು. ಅದರ ಸ್ವರೂಪವೇನು, ಹಳೆಯ ಯೂನಿಕ್ಸ್ ಯಂತ್ರಗಳಲ್ಲಿ ಅದನ್ನು ಸ್ಥಾಪಿಸುತ್ತಿದ್ದ ಕ್ರಮವೇನು, ಅದು ಕೆಟ್ಟಾಗ ಮಾಡಬೇಕಾದುದೇನು ಎಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಅನ್ಯೋನ್ಯಾಶ್ರಯ ಮತ್ತು ಅದರ ಪರಿಹಾರ

ಗಣಕಯಂತ್ರಕ್ಕೆ ಎರಡು ಬಗೆಯ ಸ್ಮೃತಿಗಳುಂಟು. ಮೊದಲನೆಯದು ವೇಗವುಳ್ಳದ್ದು, ಆದರೆ ವಿದ್ಯುತ್ತು ನಿಂತೊಡನೆ ಎಲ್ಲವನ್ನೂ ಮರೆಯುವಂಥದು. ಎರಡನೆಯದು ಡಿಸ್ಕು; ನಿಧಾನವಾದುದು, ಆದರೆ ಬರೆದುದನ್ನು ವಿದ್ಯುತ್ತಿಲ್ಲದಿದ್ದರೂ ಉಳಿಸಿಕೊಳ್ಳುವಂಥದು. ಯಂತ್ರವನ್ನು ನಡೆಸುವ ಮೂಲ ವ್ಯವಸ್ಥೆಯು ಡಿಸ್ಕಿನಲ್ಲಿ ಮಲಗಿರುತ್ತದೆ. ಯೂನಿಕ್ಸಿನಲ್ಲಿ ಆ ವ್ಯವಸ್ಥೆಯ ಹೃದಯಭಾಗಕ್ಕೆ ಕರ್ನಲ್ ಎಂದು ಹೆಸರು. ಅದು ಕೆಲಸ ಮಾಡಬೇಕಾದರೆ ಡಿಸ್ಕಿನಿಂದ ಎದ್ದು ವೇಗದ ಸ್ಮೃತಿಗೆ ಬರಬೇಕು. ಆದರೆ ಡಿಸ್ಕನ್ನು ಓದುವ ಬಲ್ಮೆ ಇರುವುದು ಕರ್ನಲ್ಲಿಗೆ. ಕರ್ನಲ್ ಇರುವುದು ಡಿಸ್ಕಿನಲ್ಲಿ. ಒಂದು ಸಿದ್ಧವಾಗಲು ಇನ್ನೊಂದು ಬೇಕು. ಆ ಇನ್ನೊಂದಕ್ಕೆ ಮೊದಲನೆಯದು ಬೇಕು. ತರ್ಕಶಾಸ್ತ್ರದಲ್ಲಿ ಇದಕ್ಕೆ ಅನ್ಯೋನ್ಯಾಶ್ರಯ ದೋಷವೆನ್ನುತ್ತಾರೆ.

ಪಾಶ್ಚಾತ್ಯರು ಈ ತೊಡಕನ್ನು ಹಾಸ್ಯವಾಗಿ, ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ಮೇಲಕ್ಕೆಳೆದುಕೊಳ್ಳುವ ಮನುಷ್ಯನಿಗೆ ಹೋಲಿಸಿದರು. ಬೂಟ್ ಎಂಬ ಶಬ್ದವು ಗಣಕಶಾಸ್ತ್ರಕ್ಕೆ ಬಂದುದು ಹೀಗೆ. ತನ್ನ ಹೆಗಲನ್ನು ತಾನೇ ಏರುವುದು ಯಾರಿಗೂ ಸಾಧ್ಯವಲ್ಲ. ಆದುದರಿಂದ ಮೊದಲ ಮೆಟ್ಟಿಲನ್ನು ಹೊರಗಿನಿಂದ ಒದಗಿಸಬೇಕು. ಆ ಮೆಟ್ಟಿಲು ಎಷ್ಟು ಚಿಕ್ಕದಾದರೂ ಸರಿ, ಅದರ ಮೇಲೆ ನಿಂತು ಎರಡನೆಯದನ್ನು ಮುಟ್ಟುವಂತಿದ್ದರೆ ಸಾಕು. ಪ್ರಾರಂಭಕದ ತತ್ತ್ವವೆಲ್ಲ ಇಷ್ಟೇ.

ಕೈಯಿಂದ ಬರೆದ ಆರು ಪದಗಳು

ಯೂನಿಕ್ಸ್ ವ್ಯವಸ್ಥೆಯು ಅಮೆರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ 1969ರಲ್ಲಿ ಕೆನ್ ಥಾಮ್ಸನ್ ಅವರಿಂದ ಆರಂಭಗೊಂಡು, ಡೆನಿಸ್ ರಿಚಿ ಮೊದಲಾದವರ ಸಹಕಾರದಿಂದ ಬೆಳೆಯಿತು. 1973ರಲ್ಲಿ ಅದರ ಕರ್ನಲ್ಲನ್ನು ರಿಚಿಯವರು ರೂಪಿಸಿದ ಸಿ ಭಾಷೆಯಲ್ಲಿ ಮತ್ತೆ ಬರೆಯಲಾಯಿತು. 1975ರಲ್ಲಿ ಹೊರಬಂದ ಆರನೆಯ ಆವೃತ್ತಿಯು ವಿಶ್ವವಿದ್ಯಾಲಯಗಳಲ್ಲಿ ಹರಡಿತು. ಅದು ನಡೆಯುತ್ತಿದ್ದುದು ಪಿಡಿಪಿ-11 ಎಂಬ ಯಂತ್ರದಲ್ಲಿ. ಆ ಯಂತ್ರದ ಮುಂಭಾಗದಲ್ಲಿ ಸಾಲಾಗಿ ಸ್ವಿಚ್ಚುಗಳಿದ್ದುವು. ಮೊದಲ ಮೆಟ್ಟಿಲನ್ನು ಮನುಷ್ಯನೇ ತನ್ನ ಬೆರಳುಗಳಿಂದ ಆ ಸ್ವಿಚ್ಚುಗಳ ಮೂಲಕ ಒದಗಿಸಬೇಕಾಗಿತ್ತು.

ಹೊಸ ಯಂತ್ರದಲ್ಲಿ ಯೂನಿಕ್ಸನ್ನು ನೆಲೆಗೊಳಿಸುವ ಕ್ರಮವು ಹೀಗಿತ್ತು. ವ್ಯವಸ್ಥೆಯೆಲ್ಲವೂ ಒಂದು ಟೇಪಿನಲ್ಲಿ ಬರುತ್ತಿತ್ತು. ನಿರ್ವಾಹಕನು ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ಮೊದಲು ಒಂದು ವಿಳಾಸವನ್ನೂ, ಆಮೇಲೆ ಒಂದೊಂದಾಗಿ 6 ಪದಗಳನ್ನೂ ಸ್ಮೃತಿಯಲ್ಲಿ ಇಡುತ್ತಿದ್ದನು. ಇಲ್ಲಿ ಪದವೆಂದರೆ 16 ಅಂಕಸ್ಥಾನಗಳ ಒಂದು ಸಂಖ್ಯೆ. ಆರು ಪದಗಳೆಂದರೆ ಕೇವಲ 12 ಬೈಟುಗಳು. ಟೇಪಿನ ಮೊದಲ ಭಾಗವನ್ನು ಓದು ಎಂಬುದಷ್ಟೇ ಆ ಆರು ಪದಗಳ ಅರ್ಥ. ಕೊನೆಯ ಪದವು, ನಿಂತಲ್ಲಿಯೇ ನಿಂತಿರು ಎಂಬ ಆಜ್ಞೆ. ಟೇಪು ಚಲಿಸಿ ನಿಂತ ಮೇಲೆ ನಿರ್ವಾಹಕನು ಯಂತ್ರವನ್ನು ತಡೆದು, ಸೊನ್ನೆಯ ವಿಳಾಸದಿಂದ ಮತ್ತೆ ಹೊರಡಿಸುತ್ತಿದ್ದನು. ಆಗ ಮುದ್ರಕದ ಮೇಲೆ ಸಮಚಿಹ್ನೆಯೊಂದು ಮೂಡುತ್ತಿತ್ತು. ಯಂತ್ರದ ಮೊದಲ ಮಾತು ಅದು.

ಅನಂತರ ಟೇಪಿನಿಂದ ಡಿಸ್ಕಿಗೆ ಪ್ರತಿ ಮಾಡುವ ಕಾರ್ಯ. ಇದರಲ್ಲಿ ಗಮನಿಸಬೇಕಾದ ಒಂದು ಅಂಶವುಂಟು. ಪ್ರತಿ ಮಾಡುವುದು ಎರಡು ಹಂತಗಳಲ್ಲಿ ನಡೆಯುತ್ತಿತ್ತು: ಮೊದಲು 1 ಬ್ಲಾಕು, ಆಮೇಲೆ 3999 ಬ್ಲಾಕುಗಳು. ಒಂದು ಬ್ಲಾಕಿಗೆ 512 ಬೈಟು. ಮೊದಲನೆಯ ಆ ಒಂಟಿ ಬ್ಲಾಕೇ ಪ್ರಾರಂಭಕ. ಅದು ಡಿಸ್ಕಿನ ಸೊನ್ನೆಯ ಸ್ಥಾನದಲ್ಲಿ ಕುಳಿತುಕೊಳ್ಳುತ್ತಿತ್ತು. ಮಿಕ್ಕ 3999 ಬ್ಲಾಕುಗಳಲ್ಲಿ ಕರ್ನಲ್ಲೂ ಕಡತಗಳೂ ಇರುತ್ತಿದ್ದುವು. ಯೂನಿಕ್ಸಿನ ಕಡತವ್ಯವಸ್ಥೆಯು ಸೊನ್ನೆಯ ಬ್ಲಾಕನ್ನು ತಾನು ಮುಟ್ಟದೆ ಪ್ರಾರಂಭಕಕ್ಕಾಗಿಯೇ ಬಿಟ್ಟುಕೊಡುತ್ತದೆ. ತನ್ನ ಲೆಕ್ಕವನ್ನು ಅದು 1ನೆಯ ಬ್ಲಾಕಿನಿಂದ ಆರಂಭಿಸುತ್ತದೆ. ಈ ವಿಂಗಡಣೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಖ್ಯವಾದ ತತ್ತ್ವವು ತಾನಾಗಿಯೇ ಹೊಳೆಯುತ್ತದೆ. ಪ್ರಾರಂಭಕವೂ ದಾಖಲೆಗಳೂ ಒಂದೇ ಡಿಸ್ಕಿನಲ್ಲಿದ್ದರೂ ಅವುಗಳ ಮನೆಗಳು ಬೇರೆ. ಒಂದು ಮನೆಗೆ ಬೆಂಕಿ ಬಿದ್ದರೆ ಇನ್ನೊಂದು ಸುಟ್ಟಿತೆಂದು ತಿಳಿಯಬೇಕಾಗಿಲ್ಲ.

ಹೀಗೆ ಸಿದ್ಧವಾದ ಡಿಸ್ಕಿನಿಂದ ಯಂತ್ರವನ್ನು ಎಬ್ಬಿಸಲು ಮತ್ತೆ 9 ಪದಗಳನ್ನು ಸ್ವಿಚ್ಚಿನಿಂದ ಬರೆಯಬೇಕಾಗಿತ್ತು. ಅವನ್ನು ಶಾಶ್ವತವಾಗಿ ಅಚ್ಚೊತ್ತಿದ ಸಣ್ಣ ಸ್ಮೃತಿಫಲಕವಿದ್ದಲ್ಲಿ ಆ ಶ್ರಮವೂ ತಪ್ಪುತ್ತಿತ್ತು. ಸೊನ್ನೆಯ ಬ್ಲಾಕು ಎದ್ದು ಒಂದು ಚಿಹ್ನೆಯನ್ನು ಮುದ್ರಿಸಿ ಕಾಯುತ್ತಿತ್ತು. ನಿರ್ವಾಹಕನು ಕರ್ನಲ್ ಕಡತದ ಹೆಸರನ್ನು ಬೆರಳಚ್ಚಿಸಿದೊಡನೆ ಅದನ್ನು ಹುಡುಕಿ ತಂದು ಅದರ ಕೈಗೆ ಅಧಿಕಾರವನ್ನು ಒಪ್ಪಿಸುತ್ತಿತ್ತು. ಸ್ವಿಚ್ಚುಗಳಲ್ಲಿ 173030 ಎಂಬ ಅಷ್ಟಮಾನ ಸಂಖ್ಯೆಯನ್ನು ಇಟ್ಟಿದ್ದರೆ ಯಂತ್ರವು ಒಬ್ಬನೇ ಬಳಕೆದಾರನಿಗಾಗಿ ಏಳುತ್ತಿತ್ತು. ಡಿಸ್ಕನ್ನು ಪರೀಕ್ಷಿಸಿ ದುರಸ್ತಿ ಮಾಡುವ ಕೆಲಸಗಳೆಲ್ಲ ಆ ಏಕಾಂತದಲ್ಲಿಯೇ ನಡೆಯಬೇಕಾಗಿತ್ತು. 1979ರ ಏಳನೆಯ ಆವೃತ್ತಿಯಲ್ಲಿ ಇನ್ನೊಂದು ಮೆಟ್ಟಿಲು ಸೇರಿತು. 512 ಬೈಟುಗಳಲ್ಲಿ ಎಲ್ಲ ಜಾಣ್ಮೆಯನ್ನೂ ಅಡಗಿಸಲಾಗದುದರಿಂದ, ಸೊನ್ನೆಯ ಬ್ಲಾಕು ಮೊದಲು ಬೂಟ್ ಎಂಬ ದೊಡ್ಡ ಕಾರ್ಯಕ್ರಮವನ್ನು ತರುವುದು, ಆ ಕಾರ್ಯಕ್ರಮವು ಕರ್ನಲ್ಲನ್ನು ತರುವುದು ಎಂದು ಕೆಲಸವನ್ನು ಹಂಚಲಾಯಿತು. ಅಂದಿನಿಂದ ಇಂದಿನವರೆಗೂ ಬಹುಮಟ್ಟಿಗೆ ಇದೇ ಪದ್ಧತಿ ನಡೆದುಬಂದಿದೆ.

ನಮ್ಮ ನಾಡಿಗೆ ಬಂದ ಯಂತ್ರಗಳು

ಭಾರತದಲ್ಲಿ ಯೂನಿಕ್ಸ್ ಹರಡಿದುದು 1980ರ ದಶಕದಲ್ಲಿ. 1986ರಲ್ಲಿ ಆರಂಭವಾದ ಅರ್ನೆಟ್ ಎಂಬ ಶೈಕ್ಷಣಿಕ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು ಕೇಂದ್ರವಾಗಿತ್ತು. ಯೂನಿಕ್ಸ್ ಯಂತ್ರಗಳು ದೂರವಾಣಿ ತಂತಿಯ ಮೂಲಕ ಪತ್ರಗಳನ್ನು ವಿನಿಮಯ ಮಾಡಿಕೊಳ್ಳುವ ಪದ್ಧತಿ ಆ ಜಾಲದ ಮೊದಲ ದಿನಗಳಲ್ಲಿ ಬಳಕೆಯಲ್ಲಿತ್ತು. ಡಾ. ಸಿ. ರಂಗರಾಜನ್ ಅವರ ಅಧ್ಯಕ್ಷತೆಯ ಸಮಿತಿಯು 1984ರಲ್ಲಿ ವರದಿ ಸಲ್ಲಿಸಿದ ತರುವಾಯ ಬ್ಯಾಂಕುಗಳ ಯಂತ್ರೀಕರಣವು ವೇಗವನ್ನು ಪಡೆಯಿತು. ಅಂದಿನ ಬ್ಯಾಂಕು ಯಂತ್ರಗಳಲ್ಲಿ ಯೂನಿಕ್ಸಿಗೆ ವಿಶೇಷ ಸ್ಥಾನವಿತ್ತು. ಸಣ್ಣ ಯಂತ್ರಗಳಿಗಾಗಿ ಜೆನಿಕ್ಸ್, ಸ್ಕೋ ಯೂನಿಕ್ಸ್ ಮೊದಲಾದ ರೂಪಗಳು ಬಂದುವು. ಒಂದೇ ಪೆಟ್ಟಿಗೆಗೆ ಹಲವು ಪರದೆಗಳನ್ನು ಜೋಡಿಸಿ ಹಲವರು ಏಕಕಾಲದಲ್ಲಿ ಕೆಲಸ ಮಾಡಬಹುದಾಗಿದ್ದುದು ಅವುಗಳ ಗುಣ.

ಇವು ಐಬಿಎಂ ಮಾದರಿಯ ಯಂತ್ರಗಳು. ಇಲ್ಲಿ ಸ್ವಿಚ್ಚಿನ ಸಾಲು ಇಲ್ಲ. ಮೊದಲ ಮೆಟ್ಟಿಲು ಬಯಾಸ್ ಎಂಬ ಹೆಸರಿನಲ್ಲಿ ಯಂತ್ರದ ಒಳಗೇ ಅಚ್ಚಾಗಿರುತ್ತದೆ. ಅದು ಡಿಸ್ಕಿನ ಮೊದಲ 512 ಬೈಟುಗಳನ್ನು ಓದಿ ಅದಕ್ಕೆ ಅಧಿಕಾರವನ್ನೊಪ್ಪಿಸುತ್ತದೆ. ಈ 512ರಲ್ಲಿ ಮೂರು ಭಾಗಗಳಿವೆ. ಮೊದಲ 446 ಬೈಟು ಪ್ರಾರಂಭಕದ ಆಜ್ಞೆಗಳು. ಮುಂದಿನ 64 ಬೈಟು, ಡಿಸ್ಕನ್ನು ಹೊಲದ ಹಿಸ್ಸೆಗಳಂತೆ ಪಾಲುಮಾಡಿದ ಪಟ್ಟಿ. ಒಂದೊಂದಕ್ಕೆ 16 ಬೈಟಿನಂತೆ ನಾಲ್ಕು ಪಾಲುಗಳು. ಕೊನೆಯ 2 ಬೈಟು ಮುದ್ರೆ. ಅವುಗಳ ಬೆಲೆ 85 ಮತ್ತು 170 ಆಗಿರಬೇಕು. ಮುದ್ರೆಯು ಇಲ್ಲದಿದ್ದರೆ ಬಯಾಸ್ ಆ ಡಿಸ್ಕಿನಿಂದ ಯಂತ್ರವನ್ನು ಎಬ್ಬಿಸಲು ಸಾಮಾನ್ಯವಾಗಿ ಒಪ್ಪುವುದಿಲ್ಲ. ಸ್ಕೋ ವ್ಯವಸ್ಥೆಯಲ್ಲಿ ಎಲ್ಲವೂ ಸರಿಯಾಗಿದ್ದರೆ ಪರದೆಯ ಮೇಲೆ ಬೂಟ್ ಎಂಬ ಶಬ್ದವೂ ಒಂದು ವಿಸರ್ಗದಂಥ ಚಿಹ್ನೆಯೂ ಮೂಡುತ್ತವೆ. ಆ ಎರಡು ಚುಕ್ಕೆಗಳು ಕಂಡುವೆಂದರೆ ಮೊದಲ ಮೆಟ್ಟಿಲುಗಳು ಕ್ಷೇಮವಾಗಿವೆಯೆಂದು ಧೈರ್ಯ ತಾಳಬಹುದು.

ನೀರು ಬಾರದ ಕಾಲುವೆ

ಇಲ್ಲಿ ರಾಯಚೂರು ಸೀಮೆಯ ರೈತನ ಅನುಭವವೊಂದು ದೃಷ್ಟಾಂತವಾಗಿ ಒದಗುತ್ತದೆ. ಮಾನ್ವಿ ಮತ್ತು ರಾಯಚೂರಿನ ಹೊಲಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆಯಿಂದಲೂ ದೇವದುರ್ಗದ ಹೊಲಗಳಿಗೆ ನಾರಾಯಣಪುರ ಬಲದಂಡೆ ಕಾಲುವೆಯಿಂದಲೂ ನೀರು ಬರುತ್ತದೆ. ಜಲಾಶಯದಿಂದ ಮುಖ್ಯ ಕಾಲುವೆ, ಅಲ್ಲಿಂದ ವಿತರಣಾ ಕಾಲುವೆ, ಅಲ್ಲಿಂದ ಹೊಲಗಾಲುವೆ ಎಂದು ಹಂತಹಂತವಾಗಿ ಹರಿದು ಬರಬೇಕು. ಕೊನೆಯ ಭಾಗದ ರೈತನ ಹೊಲಕ್ಕೆ ನೀರು ಬಾರದಿದ್ದರೆ ಅವನು ಜಲಾಶಯವೇ ಬತ್ತಿತೆಂದು ಕುಳಿತುಬಿಡುವುದಿಲ್ಲ. ಕಾಲುವೆಯ ಗುಂಟ ನಡೆದು ಯಾವ ತೂಬು ಮುಚ್ಚಿದೆಯೆಂದು ನೋಡುತ್ತಾನೆ. ಪರದೆಯ ಮುಂದೆ ಕುಳಿತ ಅಧ್ಯಾಪಕನೂ ಮಾಡಬೇಕಾದುದು ಇದನ್ನೇ. ಯಂತ್ರವು ಏಳಲಿಲ್ಲ ಎಂಬುದು ರೋಗದ ಹೆಸರಲ್ಲ. ಯಾವ ಮೆಟ್ಟಿಲಿನಲ್ಲಿ ನಿಂತಿತು ಎಂಬುದೇ ಪ್ರಶ್ನೆ.

ಈ ಪ್ರಶ್ನೆಗೆ ಯಂತ್ರವೇ ಉತ್ತರ ಹೇಳುವಂತೆ ರಚಿತವಾದ ಪ್ರಾರಂಭಕವೊಂದುಂಟು. 1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಅವರು ಯೂನಿಕ್ಸಿನ ಮಾದರಿಯಲ್ಲಿ ಲಿನಕ್ಸನ್ನು ಆರಂಭಿಸಿದ ಮೇಲೆ, ಅದಕ್ಕಾಗಿ ವೆರ್ನರ್ ಆಲ್ಮೆಸ್‌ಬರ್ಗರ್ ಅವರು ಲೈಲೋ ಎಂಬ ಪ್ರಾರಂಭಕವನ್ನು ಬರೆದರು. ಅದರ ಹೆಸರಿನಲ್ಲಿ ಎಲ್, ಐ, ಎಲ್, ಓ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳಿವೆ. ಒಂದೊಂದು ಮೆಟ್ಟಿಲನ್ನು ದಾಟಿದಂತೆಲ್ಲ ಅದು ತನ್ನ ಹೆಸರಿನ ಒಂದೊಂದು ಅಕ್ಷರವನ್ನು ಪರದೆಯ ಮೇಲೆ ಬರೆಯುತ್ತದೆ. ಒಂದೇ ಅಕ್ಷರ ಬರೆದು ನಿಂತರೆ ಮೊದಲ ಭಾಗವು ಬಂದಿದೆ, ಎರಡನೆಯದನ್ನು ತರಲಾಗಲಿಲ್ಲ. ಎರಡು ಅಕ್ಷರಗಳಾದರೆ ಎರಡನೆಯ ಭಾಗವು ಬಂದಿತು, ಆದರೆ ಹೊರಡಲಿಲ್ಲ. ಮೂರಾದರೆ ಹೊರಟಿತು, ಆದರೆ ತನಗೆ ಬೇಕಾದ ವಿವರಪಟ್ಟಿಯನ್ನು ಓದಲಾಗಲಿಲ್ಲ. ನಾಲ್ಕೂ ಪೂರ್ಣವಾದರೆ ಪ್ರಾರಂಭಕದ ಕೆಲಸ ಸರಿಯಾಗಿ ನಡೆದಿದೆ. ಅಕ್ಷರಾಭ್ಯಾಸದ ಮಗು ಎಲ್ಲಿ ತಡವರಿಸಿತೆಂಬುದನ್ನು ಗುರುವು ಗುರುತಿಸುವಂತೆ ಇಲ್ಲಿ ಯಂತ್ರದ ತಡವರಿಕೆಯನ್ನು ಗುರುತಿಸಬಹುದು.

ಲೈಲೋವಿಗೆ ಒಂದು ಮಿತಿಯಿತ್ತು. ಅದಕ್ಕೆ ಕಡತಗಳ ಹೆಸರು ತಿಳಿಯದು; ಕರ್ನಲ್ ಡಿಸ್ಕಿನ ಯಾವ ಸ್ಥಾನಗಳಲ್ಲಿದೆಯೆಂಬ ಪಟ್ಟಿಯನ್ನಷ್ಟೇ ಅದು ಇಟ್ಟುಕೊಳ್ಳುತ್ತದೆ. ಕರ್ನಲ್ಲನ್ನು ಬದಲಾಯಿಸಿದ ಮೇಲೆ ಲೈಲೋವನ್ನು ಮತ್ತೊಮ್ಮೆ ಸ್ಥಾಪಿಸದೆ ಯಂತ್ರವನ್ನು ಆರಿಸಿದರೆ, ಮರುದಿನ ಅದು ಹಳೆಯ ವಿಳಾಸದ ಬಾಗಿಲನ್ನು ತಟ್ಟುತ್ತದೆ. 1995ರಲ್ಲಿ ಎರಿಕ್ ಬೋಲಿನ್ ಅವರು ಆರಂಭಿಸಿದ ಗ್ರಬ್ ಎಂಬ ಪ್ರಾರಂಭಕವು ಕಡತವ್ಯವಸ್ಥೆಯನ್ನು ತಾನೇ ಓದಬಲ್ಲುದಾದುದರಿಂದ ಈ ತೊಂದರೆಯು ಬಹಳಮಟ್ಟಿಗೆ ನಿವಾರಣೆಯಾಯಿತು.

ಕೆಟ್ಟಾಗ ಮಾಡಬೇಕಾದುದು

ಬಿಸಿಲು, ಧೂಳು, ವಿದ್ಯುತ್ ವ್ಯತ್ಯಯ ಇವು ಮೂರೂ ಹಳೆಯ ಯಂತ್ರಗಳ ಶತ್ರುಗಳು. ರಾಯಚೂರಿನ ಬೇಸಗೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಯೂನಿಕ್ಸ್ ತಾನು ಬರೆಯಬೇಕಾದುದನ್ನು ಸ್ವಲ್ಪ ಕಾಲ ವೇಗದ ಸ್ಮೃತಿಯಲ್ಲಿ ಹಿಡಿದಿಟ್ಟು ಆಮೇಲೆ ಡಿಸ್ಕಿಗೆ ಬರೆಯುತ್ತದೆ. ಆ ನಡುವೆ ವಿದ್ಯುತ್ತು ಹೋದರೆ ಲೆಕ್ಕ ತಪ್ಪುತ್ತದೆ. ಸಿಂಕ್ ಎಂಬ ಆಜ್ಞೆಯಿಂದ ಎಲ್ಲವನ್ನೂ ಡಿಸ್ಕಿಗೆ ಬರೆಸಿ, ಕ್ರಮವಾಗಿ ಮುಚ್ಚಿದ ಮೇಲೆಯೇ ಗುಂಡಿಯನ್ನು ಆರಿಸಬೇಕೆಂಬ ನಿಯಮವು ಇದರಿಂದಲೇ ಬಂದಿದೆ.

ಯಂತ್ರವು ಏಳದಿದ್ದಾಗ ಮೊದಲು ಮಾಡಬೇಕಾದುದು, ಏನನ್ನೂ ಮಾಡದಿರುವುದು. ವ್ಯವಸ್ಥೆಯನ್ನು ಹೊಸದಾಗಿ ತುಂಬಿಸೋಣವೆಂಬ ಆತುರವೇ ದಾಖಲೆಗಳ ನಾಶಕ್ಕೆ ದೊಡ್ಡ ಕಾರಣ. ಪರದೆಯ ಮೇಲೆ ಕಂಡ ಅಕ್ಷರಗಳನ್ನು ಇದ್ದಂತೆಯೇ ಕಾಗದದಲ್ಲಿ ಬರೆದುಕೊಳ್ಳಬೇಕು. ತರುವಾಯ ಯಂತ್ರದೊಳಗಿನ ಪುಟ್ಟ ಬ್ಯಾಟರಿಯನ್ನು ನೋಡಬೇಕು. ಅದು ಬರಿದಾದರೆ ಹಳೆಯ ಯಂತ್ರಗಳು ತಮ್ಮ ಡಿಸ್ಕಿನ ಅಳತೆಯನ್ನೇ ಮರೆಯುತ್ತವೆ. ಆಗ ಡಿಸ್ಕಿನ ಮೇಲಿನ ಚೀಟಿಯನ್ನು ನೋಡಿ ಅಳತೆಯನ್ನು ಮತ್ತೆ ತುಂಬಿದರೆ, ಸತ್ತಿತೆಂದುಕೊಂಡ ಯಂತ್ರವು ಎದ್ದು ಕುಳಿತುಕೊಳ್ಳುವುದುಂಟು.

ಆಗಲೂ ಏಳದಿದ್ದರೆ ತುರ್ತುಪ್ರಾರಂಭದ ಫ್ಲಾಪಿಯಿಂದ ಎಬ್ಬಿಸಬೇಕು. ಅಥವಾ ಡಿಸ್ಕನ್ನು ತೆಗೆದು, ಅದನ್ನು ಓದಬಲ್ಲ ಬೇರೊಂದು ಯಂತ್ರಕ್ಕೆ ಜೋಡಿಸಬೇಕು. ದುರಸ್ತಿಗೆ ಕೈಹಾಕುವ ಮೊದಲು ಡಿಡಿ ಎಂಬ ಆಜ್ಞೆಯಿಂದ ಇಡೀ ಡಿಸ್ಕಿನ ಪ್ರತಿಯೊಂದನ್ನು ಮಾಡಿಕೊಳ್ಳುವುದು ಕಡ್ಡಾಯ. ಈ ಆಜ್ಞೆಯಲ್ಲಿ ಎಲ್ಲಿಂದ, ಎಲ್ಲಿಗೆ ಎಂಬೆರಡನ್ನು ಅದಲುಬದಲು ಮಾಡಿದರೆ ಬರಿಯ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಬರೆದುಹೋಗುತ್ತದೆ. ಆದುದರಿಂದ ಇಬ್ಬರು ಕೂಡಿ ಓದಿ ನೋಡಿದ ಮೇಲೆಯೇ ಅದನ್ನು ಒಪ್ಪಿಸತಕ್ಕದ್ದು. ಪ್ರಾರಂಭಕವನ್ನು ಮತ್ತೆ ಬರೆಯುವಾಗ ಇನ್ನೊಂದು ಎಚ್ಚರಿಕೆ ಬೇಕು. ಅದೇ ಬಗೆಯ ಬೇರೊಂದು ಯಂತ್ರದಿಂದ ಪ್ರಾರಂಭಕವನ್ನು ತರುವುದಾದರೆ 446 ಬೈಟುಗಳನ್ನು ಮಾತ್ರ ತರಬೇಕು. 512ನ್ನೂ ತಂದರೆ ಆ ಯಂತ್ರದ ಪಾಲುಪಟ್ಟಿಯು ಈ ಯಂತ್ರದ ಪಾಲುಪಟ್ಟಿಯ ಮೇಲೆ ಕುಳಿತು, ಇದ್ದ ದಾಖಲೆಗಳಿಗೆ ದಾರಿ ತಪ್ಪುತ್ತದೆ. ಬೇರೆ ಪ್ರತಿಯ ಮೊದಲ ಗರಿಯನ್ನು ಸೇರಿಸುವಾಗ ಅದರ ಗರಿಸಂಖ್ಯೆಗಳನ್ನೂ ಹೇರಿದಂತೆ ಅದು. ಇದೆಲ್ಲ ಮುಗಿದ ಮೇಲೆ, ಎಫ್‌ಎಸ್‌ಸಿಕೆ ಎಂಬ ಪರೀಕ್ಷಕದಿಂದ ಕಡತಗಳ ಲೆಕ್ಕವನ್ನು ಸರಿಪಡಿಸುವುದು ಕೊನೆಯ ಕೆಲಸ.

ದಾನಿಗಳೂ ಅಧ್ಯಾಪಕರೂ

2001ರ ಸುಮಾರಿಗೆ ಜಾರಿಗೆ ಬಂದ ಭೂಮಿ ಯೋಜನೆಯಿಂದ ಕರ್ನಾಟಕದ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕೈಬರಹದಿಂದ ಗಣಕಯಂತ್ರಕ್ಕೆ ಬಂದುವು. ದೇವದುರ್ಗ, ಮಾನ್ವಿಯ ರೈತರ ಹೊಲಗಳೂ ಅವುಗಳಲ್ಲಿ ಸೇರಿವೆ. ಆ ಯಂತ್ರಗಳ ವ್ಯವಸ್ಥೆ ಯಾವುದೇ ಇರಲಿ, ಒಂದು ಮಾತು ಇದರಿಂದ ಸ್ಪಷ್ಟವಾಗುತ್ತದೆ: ಗಣಕಯಂತ್ರದಲ್ಲಿರುವ ಬರಹವು ಈಗ ಬದುಕಿಗೇ ಸಂಬಂಧಿಸಿದ ಬರಹ. ಶಾಲೆಯೊಂದರ ಪ್ರವೇಶ ದಾಖಲೆಯೂ ಹಾಗೆಯೇ. ಹಳೆಯ ವಿದ್ಯಾರ್ಥಿಯೊಬ್ಬನ ಜನ್ಮದಿನಾಂಕಕ್ಕೆ ಅದೊಂದೇ ಆಧಾರವಾಗಿರಲೂಬಹುದು. ಸರ್ಕಾರದ ದಾಖಲೆಗಳನ್ನು ಕಾಯಲು ಇಲಾಖೆಗಳಿವೆ. ಶಾಲೆಯ ಮೂಲೆಯಲ್ಲಿರುವ ಹಳೆಯ ಯಂತ್ರವನ್ನು ಕಾಯುವವನು ಅಲ್ಲಿನ ಅಧ್ಯಾಪಕನು ಮಾತ್ರ.

ಶಾಲೆಗಳಿಗೆ ಗಣಕಯಂತ್ರಗಳು ಅನೇಕ ವೇಳೆ ದಾನರೂಪವಾಗಿ ಬರುತ್ತವೆ. ಗೋದಾನ ಮಾಡುವವನು ಹಗ್ಗವನ್ನೂ ಕೂಡಿಯೇ ಕೊಡುತ್ತಾನೆ. ಹಳೆಯ ಯಂತ್ರವನ್ನು ಕೊಡುವ ಮಹನೀಯರು ಅದರೊಡನೆ ತುರ್ತುಪ್ರಾರಂಭದ ಫ್ಲಾಪಿ, ಕೈಪಿಡಿ, ಡಿಸ್ಕಿನ ಅಳತೆಯ ಚೀಟಿ, ರೂಟ್ ಎಂಬ ಮೇಲ್ವಿಚಾರಕನ ಗುಪ್ತಪದ ಈ ನಾಲ್ಕನ್ನೂ ಕೊಟ್ಟರೆ ದಾನವು ಪೂರ್ಣವಾಗುತ್ತದೆ. ಇವುಗಳಿಲ್ಲದ ಯಂತ್ರವು ಬೀಗದ ಕೈಯಿಲ್ಲದ ಪೆಟ್ಟಿಗೆಯಂತೆ. ಪಡೆದುಕೊಂಡ ಅಧ್ಯಾಪಕರಾದರೋ ಯಂತ್ರವು ಆರೋಗ್ಯವಾಗಿರುವಾಗಲೇ ಮೊದಲ 512 ಬೈಟುಗಳ ಪ್ರತಿಯನ್ನು ಬೇರೆಡೆ ತೆಗೆದಿರಿಸಿ, ಪಾಲುಪಟ್ಟಿಯನ್ನು ಕಾಗದದಲ್ಲಿಯೂ ಬರೆದು ದಾಖಲೆ ಪುಸ್ತಕಕ್ಕೆ ಅಂಟಿಸಿಡಬೇಕು. ಕ್ಷಣಮಾತ್ರದ ಈ ಕೆಲಸವು ಮುಂದೆ ತಿಂಗಳುಗಳ ಶ್ರಮವನ್ನು ಉಳಿಸುತ್ತದೆ.

ವಿದ್ಯಾರ್ಥಿಗಳಿಗೂ ಇದು ಉತ್ತಮವಾದ ಪಾಠ. 2002ರಲ್ಲಿ ಯೂನಿಕ್ಸಿನ ಮೊದಲ ಆವೃತ್ತಿಗಳನ್ನು ಮುಕ್ತವಾಗಿ ಬಳಸಲು ಅನುಮತಿ ದೊರೆಯಿತು. ಪಿಡಿಪಿ-11 ಯಂತ್ರವನ್ನು ಅನುಕರಿಸುವ ಸಿಮ್‌ಹೆಚ್ ಎಂಬ ತಂತ್ರಾಂಶವೂ ಬೆಲೆಯಿಲ್ಲದೆ ಸಿಗುತ್ತದೆ. ಇಂದಿನ ಸಾಮಾನ್ಯ ಯಂತ್ರವೊಂದರಲ್ಲಿ ಆರನೆಯ ಆವೃತ್ತಿಯನ್ನು ಟೇಪಿನಿಂದ ಡಿಸ್ಕಿಗೆ ಇಳಿಸಿ, ಪದಗಳನ್ನು ಒಂದೊಂದಾಗಿ ತುಂಬಿ, ಆ ಸಮಚಿಹ್ನೆಯು ಮೂಡುವುದನ್ನು ಪ್ರೌಢಶಾಲೆಯ ಬಾಲಕಬಾಲಕಿಯರೂ ಕಾಣಬಹುದು. 2019ರಲ್ಲಿ ರಾಯಚೂರಿಗೆ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯು ದೊರೆತಿರುವುದರಿಂದ, ಇಲ್ಲಿನ ಮಕ್ಕಳಿಗೆ ಈ ವಿದ್ಯೆಯ ಮೇಲಿನ ಮೆಟ್ಟಿಲುಗಳೂ ಈಗ ದೂರದವಲ್ಲ.

ಗಾತ್ರದಲ್ಲಿ ಪ್ರಾರಂಭಕವು ಅಣುಮಾತ್ರ. ಕರ್ನಲ್ ಎದ್ದ ಮೇಲೆ ಅದರ ನೆನಪು ಯಾರಿಗೂ ಇರುವುದಿಲ್ಲ. ತನ್ನ ಕೈಯಲ್ಲಿದ್ದ ಅಧಿಕಾರವನ್ನು ತನಗಿಂತ ದೊಡ್ಡದಾದುದಕ್ಕೆ ಒಪ್ಪಿಸಿ ಮರೆಯಾಗುವುದೇ ಅದರ ಕರ್ತವ್ಯ. ಅದು ತಪ್ಪಿದ ದಿನ ಮಾತ್ರ ಎಲ್ಲರ ಕಣ್ಣು ಅದರ ಮೇಲೆ ಬೀಳುತ್ತದೆ. ಆ ದಿನ ಯಂತ್ರವನ್ನು ಹೊರಕ್ಕೆ ಹಾಕುವ ಮೊದಲು, ಮೊದಲ ಗರಿಯು ಹೋಗಿದೆಯೋ ಗ್ರಂಥವೇ ಹೋಗಿದೆಯೋ ಎಂದು ಒಮ್ಮೆ ಬಿಚ್ಚಿ ನೋಡುವ ತಾಳ್ಮೆಯು ನಮ್ಮ ಶಾಲೆಗಳಲ್ಲಿ ಬೆಳೆಯಲೆಂದು ಹಾರೈಸಬೇಕಾಗಿದೆ.